ಮೈದಾನದ ಮೂಲೆಯ ಹುಣಸೆಮರ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎವರ್ಟನ್ ಫುಟ್‌ಬಾಲ್ ಕ್ಲಬ್ಬಿನ ಪುರುಷರ ತಂಡವು 1892ರಿಂದ ತನ್ನ ಮನೆಯಾಗಿದ್ದ ಗುಡಿಸನ್ ಪಾರ್ಕ್ ಮೈದಾನದಲ್ಲಿ 2025ರ ಮೇ 18ರಂದು ಕೊನೆಯ ಪಂದ್ಯವನ್ನಾಡಿತು. ಆ ಸಂಜೆ ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ಕುಳಿತು ಟಿವಿಯಲ್ಲಿ ಪಂದ್ಯ ನೋಡುತ್ತಿದ್ದ ನನ್ನ ಕಣ್ಣು ಚೆಂಡನ್ನು ಬಿಟ್ಟು ಮತ್ತೆ ಮತ್ತೆ ಮೈದಾನದ ಒಂದು ಮೂಲೆಗೆ ಹೋಗುತ್ತಿತ್ತು. ಎರಡು ಗ್ಯಾಲರಿಗಳು ಕೂಡುವ ಆ ಮೂಲೆಯಲ್ಲಿ ಸೇಂಟ್ ಲ್ಯೂಕ್ ಚರ್ಚ್ ಇದೆ. ಮೈದಾನ ಬೆಳೆಯುತ್ತ ಹೋದರೂ ಚರ್ಚು ಕದಲಲಿಲ್ಲ. ಗ್ಯಾಲರಿಗಳೇ ಅದಕ್ಕೆ ಜಾಗ ಬಿಟ್ಟು ನಿಂತವು. ಕ್ಲಬ್ಬಿನ ಮಹಿಳೆಯರ ತಂಡ ಈಗ ಅಲ್ಲಿ ಆಡುವುದರಿಂದ ಆ ಮೈದಾನ ನೆಲಸಮವಾಗದೆ ಉಳಿದಿದೆ ಎಂಬುದು ನನಗೆ ನಿಜವಾಗಿಯೂ ಸಂತೋಷ ತಂದ ಸಂಗತಿ.

ನಾನು ಬಾಲ್ಯದಲ್ಲಿ ಆಡಿದ, ಕ್ಯಾಂಪ್ ಭಾಗದ ಮೈದಾನದ ಮೂಲೆಯಲ್ಲಿ ಚರ್ಚು ಇರಲಿಲ್ಲ, ಒಂದು ಹುಣಸೆಮರವಿತ್ತು. ಅದರ ಒಂದು ಕೊಂಬೆ ಕಾರ್ನರ್ ಧ್ವಜದ ಮೇಲಿಂದ ಅಂಕಣದೊಳಕ್ಕೆ ಚಾಚಿಕೊಂಡಿತ್ತು. ಚೆಂಡು ಕೊಂಬೆಗೆ ಬಡಿದು ಗೆರೆಯ ಒಳಗೆ ಬಿದ್ದರೆ ಆಟ ಮುಂದುವರಿಯಬೇಕು, ಹೊರಗೆ ಬಿದ್ದರೆ ಥ್ರೋ ಕೊಡಬೇಕು ಎಂಬುದು ನಮ್ಮಲ್ಲಿದ್ದ ಒಪ್ಪಂದ. ಹೊರಗಿನ ತಂಡ ಬಂದಾಗ ನಮ್ಮ ಕ್ಯಾಪ್ಟನ್ ಪಂದ್ಯಕ್ಕೆ ಮೊದಲೇ ರೆಫರಿಯ ಮುಂದೆ ಇದನ್ನು ಅವರಿಗೆ ತಿಳಿಸುತ್ತಿದ್ದರು. ಉತ್ತರದ ಗೋಲಿನ ಹಿಂದೆ ದೊಡ್ಡ ಗಟಾರ ಹರಿಯುತ್ತಿತ್ತು. ಬೆಳಗಾವಿಯ ಜುಲೈ ಮಳೆಯಲ್ಲಿ ಅದು ತುಂಬಿ ಹರಿಯುವಾಗ ಚೆಂಡು ಬಿದ್ದರೆ ಕೊಚ್ಚಿಕೊಂಡು ಹೋಗುತ್ತಿದ್ದುದರಿಂದ, ಉದ್ದನೆಯ ಬಿದಿರಿನ ಗಳ ಹಿಡಿದ ಒಬ್ಬ ಹುಡುಗ ಪಂದ್ಯ ಮುಗಿಯುವವರೆಗೂ ಅಲ್ಲಿಯೇ ನಿಂತಿರಬೇಕಾಗಿತ್ತು. ತಂಡಕ್ಕೆ ಸೇರುವ ಮೊದಲು ಎರಡು ಮಳೆಗಾಲ ಆ ಗಳ ನನ್ನ ಕೈಯಲ್ಲಿತ್ತು.

ಇಂಗ್ಲೆಂಡಿನ ಶ್ರೂಸ್‌ಬರಿ ಊರಿನ ಗೇ ಮೆಡೋ ಮೈದಾನದ ವಿಷಯ ಓದಿದಾಗ ನನಗೆ ಆ ಗಳವೇ ನೆನಪಾಯಿತು. ಸೆವರ್ನ್ ನದಿಯ ದಂಡೆಯಲ್ಲಿದ್ದ ಆ ಮೈದಾನದಿಂದ ಚೆಂಡು ನೀರಿಗೆ ಹಾರಿದರೆ ಅದನ್ನು ತರಲು ಫ್ರೆಡ್ ಡೇವಿಸ್ ಎಂಬವರು ಹರಿಗೋಲಿನಲ್ಲಿ ಹೋಗುತ್ತಿದ್ದರಂತೆ. ಕೃಷ್ಣೆ, ಮಲಪ್ರಭೆಗಳನ್ನು ಹರಿಗೋಲಿನಲ್ಲಿ ದಾಟಿದ ನಮ್ಮ ಜಿಲ್ಲೆಯ ಹಿರಿಯರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಮೈದಾನ 2007ರಲ್ಲಿ ಮುಚ್ಚಿತು.

ಇಂಥ ವೈಶಿಷ್ಟ್ಯಗಳು ಕೇವಲ ನೋಡಿ ನಗುವ ವಿಚಿತ್ರಗಳಲ್ಲ, ಆಟವನ್ನೇ ರೂಪಿಸಿದ ಸಂಗತಿಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯೊವಿಲ್ ಎಂಬ ಸಣ್ಣ ಊರಿನ ಹ್ಯೂಯಿಷ್ ಮೈದಾನ ಒಂದು ಬದಿಯಿಂದ ಇನ್ನೊಂದು ಬದಿಗೆ ಕಣ್ಣಿಗೆ ಕಾಣುವಷ್ಟು ಇಳಿಜಾರಾಗಿತ್ತು. 1949ರಲ್ಲಿ, ಸಣ್ಣ ದೊಡ್ಡ ಕ್ಲಬ್ಬುಗಳೆಲ್ಲ ಆಡುವ ಎಫ್‌ಎ ಕಪ್ ಟೂರ್ನಿಯಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ದರ್ಜೆಯಾದ ಮೊದಲ ಡಿವಿಜನ್‌ನಲ್ಲಿದ್ದ ಸಂಡರ್‌ಲ್ಯಾಂಡ್ ತಂಡವನ್ನು ಯೊವಿಲ್‌ನ ಆಟಗಾರರು ಅದೇ ಮೈದಾನದಲ್ಲಿ 2–1ರಿಂದ ಸೋಲಿಸಿದರು. ನಮ್ಮ ಮೈದಾನದ ಕೆಂಪು ಮಣ್ಣಿನಲ್ಲಿಯೂ ಚೆಂಡು ಎಲ್ಲಿ ಜಾರುತ್ತದೆ, ಎಲ್ಲಿ ನೀರಿನಲ್ಲಿ ನಿಲ್ಲುತ್ತದೆ ಎಂಬುದನ್ನು ನಾವು ಅಂಗಾಲಿನಿಂದ ಕಲಿತಿದ್ದೆವು, ಯಾವ ಕೋಚೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಹಳೆಯದೆಲ್ಲ ಹಾಗೆಯೇ ಇರಲಿ ಎಂದು ನಾನು ವಾದಿಸುತ್ತಿಲ್ಲ. 1985ರಲ್ಲಿ ಬ್ರಾಡ್‌ಫರ್ಡ್‌ನ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತರು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲು 97 ಜನರ ಪ್ರಾಣ ತೆಗೆಯಿತು. ಅನಂತರ ಅಲ್ಲಿನ ಮೈದಾನಗಳು ಬದಲಾದದ್ದು ಅತ್ಯಗತ್ಯವಾಗಿತ್ತು. ಆದರೂ ಲಂಡನ್ನಿನ ಕ್ರೇವನ್ ಕಾಟೇಜ್ ಮೈದಾನದಲ್ಲಿ ಮೂಲೆಯ ಪುಟ್ಟ ಮನೆಯಂಥ ಕಟ್ಟಡವನ್ನೂ 1905ರ ಗ್ಯಾಲರಿಯನ್ನೂ ಕಾನೂನಿನ ರಕ್ಷಣೆ ಕೊಟ್ಟು ಉಳಿಸಿಕೊಂಡಿದ್ದಾರೆ. 1966ರ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾದ ಪಾಕ್ ದೂ ಇಕ್ ಇಟಲಿಯ ವಿರುದ್ಧ ಗೋಲು ಹೊಡೆದ ಮಿಡಲ್ಸ್‌ಬರೋದ ಏರ್ಸಮ್ ಪಾರ್ಕ್ ಮೈದಾನದಲ್ಲಿ ಈಗ ಮನೆಗಳಿವೆ. ಆದರೆ ಆ ಗೋಲಿನ ಜಾಗವನ್ನು ಬೂಟಿನ ಗುರುತಿನ ಕಂಚಿನ ಅಚ್ಚಿನಿಂದ ಅಲ್ಲಿ ಗುರುತಿಸಿ ಇಟ್ಟಿದ್ದಾರೆ.

ನಮ್ಮಲ್ಲಿ ಮೈದಾನಗಳು ತಮ್ಮ ಗುರುತನ್ನು ಕಳೆದುಕೊಳ್ಳುತ್ತಿರುವುದಕ್ಕೆ ಜನಸಂದಣಿಯ ಅಪಾಯ ಕಾರಣವಲ್ಲ, ಎಲ್ಲ ಊರಿಗೂ ಒಂದೇ ನಕ್ಷೆಯನ್ನು ಹಾಕುವ ಅವಸರ ಕಾರಣ. ನಾನು ಆಡಿದ ಮೈದಾನವನ್ನು ಕೆಲವು ವರ್ಷಗಳ ಹಿಂದೆ ಅಭಿವೃದ್ಧಿಯ ಹೆಸರಿನಲ್ಲಿ ಸಮತಟ್ಟು ಮಾಡಿ, ಸುತ್ತಲೂ ಎತ್ತರದ ಗೋಡೆ ಕಟ್ಟಿ, ನಡಿಗೆಯ ಪಥ ಹಾಕಿದರು. ಪಥಕ್ಕೆ ಅಡ್ಡ ಬಂದ ಹುಣಸೆಮರವನ್ನು ಒಂದೇ ಬೆಳಿಗ್ಗೆ ಕಡಿದರು. ಗಟಾರದ ಮೇಲೆ ಕಲ್ಲಿನ ಹಾಸು ಬಂದದ್ದು ಒಳ್ಳೆಯದೇ ಆಯಿತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಮೊದಲು ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ, ಅದರ ಮೇಲೆಯೇ ಕುಳಿತು ಹತ್ತು ನಿಮಿಷ ಆಟ ನೋಡಿ ಹೋಗುತ್ತಿದ್ದರು. ಈಗ ಒಳಗೆ ಪಂದ್ಯ ನಡೆಯುತ್ತಿದೆ ಎಂಬುದು ಗೋಡೆಯ ಹೊರಗಿನವರಿಗೆ ಸೀಟಿಯ ಸದ್ದಿನಿಂದ ಮಾತ್ರ ತಿಳಿಯುತ್ತದೆ.

ಆದ್ದರಿಂದ ನಗರದಲ್ಲಿ ಇನ್ನು ಮುಂದೆ ಯಾವುದೇ ಮೈದಾನವನ್ನು ನವೀಕರಿಸುವ ಮೊದಲು, ಅಲ್ಲಿ ಆಡಿದ ಹಿರಿಯರನ್ನು ಸಂಬಂಧಪಟ್ಟವರು ಕರೆದು ಒಂದು ಸುತ್ತು ಜೊತೆಯಲ್ಲಿ ನಡೆಯಬೇಕು. ಯಾವ ಮರ, ಯಾವ ಕಟ್ಟೆ, ಯಾವ ಮೆಟ್ಟಿಲು ಉಳಿಯಬೇಕೆಂಬುದನ್ನು ನಕ್ಷೆಯಲ್ಲಿಯೇ ಗುರುತಿಸಬೇಕು. ಗೋಡೆಯ ಬದಲು ಒಳಗಿನ ಆಟ ಕಾಣುವಂಥ ಜಾಲರಿ ಹಾಕಬೇಕು ಎಂದು ಕೋರುತ್ತೇನೆ. ನಮ್ಮ ಮೈದಾನದ ಹುಣಸೆಮರ ಎಲ್ಲಿತ್ತು, ಇಳಿಜಾರು ಎಲ್ಲಿಂದ ಶುರುವಾಗುತ್ತಿತ್ತು ಎಂದು ನಿಂತು ತೋರಿಸಬಲ್ಲವರು ಕ್ಯಾಂಪಿನಲ್ಲಿ ಇನ್ನೂ ಕೆಲವರಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಟಿಳಕವಾಡಿ, ಬೆಳಗಾವಿ