ಕುಲಸಚಿವೆಯಾಗಲಿರುವ ಮಗಳಿಗೆ

ಗೌರಿಬಿದನೂರು

ಚಿ. ಸೌ. ಸುಮಾಳಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದೇ ಮನಸ್ಸಿನಲ್ಲಿ ಓಡುತ್ತಿದೆ. ವಿಶ್ವವಿದ್ಯಾಲಯದ ಕುಲಸಚಿವರ ಹುದ್ದೆ, ಅದೂ ಪರೀಕ್ಷೆ, ಅಂಕಗಳನ್ನು ನೋಡಿಕೊಳ್ಳುವ ಮೌಲ್ಯಮಾಪನ ವಿಭಾಗದ್ದು, ನಿನ್ನ ಪಾಲಿಗೆ ಬಂದಿದೆ. ಒಪ್ಪಿಕೊಂಡರೆ ಲ್ಯಾಬು, ಪಾಠ, ಪಿಎಚ್‌.ಡಿ. ಮಾಡುತ್ತಿರುವ ಮಕ್ಕಳು ಎಲ್ಲವೂ ಕೈತಪ್ಪಿ ಫೈಲುಗಳ ಮಧ್ಯೆ ಕೂರಬೇಕಾಗುತ್ತದೆ ಅನ್ನುವುದು ನಿನ್ನ ಸಂಕಟ. ಓದು ಬೇರೆ, ಆಡಳಿತ ಬೇರೆ ಅಂದೆ. ಅವಸರದಲ್ಲಿ ಮಾತು ಬೆಳೆಸುವುದು ಬೇಡವೆಂದು ಸುಮ್ಮನಾದೆ. ಈಗ ಬರೆಯುತ್ತಿದ್ದೇನೆ, ಸಾವಕಾಶವಾಗಿ ಓದು.

ನಮ್ಮ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ, ಎಲ್ಲರೂ ಎಚ್ಚೆನ್ ಅನ್ನುವವರ, ವಿಷಯ ನೀನು ಚಿಕ್ಕಂದಿನಿಂದ ಕೇಳಿದ್ದೀಯ. 1920ರಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. 1935ರಲ್ಲಿ ಹೈಸ್ಕೂಲು ಓದಲೆಂದು, ರೈಲಿಗೆ ಕಾಸಿಲ್ಲದೆ, ಇಲ್ಲಿಂದ ಬೆಂಗಳೂರಿಗೆ ನಡೆದೇ ಹೋದರು. ನಮ್ಮ ಕಡೆ ಈ ಕಥೆ ಹೇಳದ ಮೇಷ್ಟರಿಲ್ಲ. ಆದರೆ ಎಲ್ಲರೂ ಆ ನಡಿಗೆಯಲ್ಲೇ ಕಥೆ ಮುಗಿಸಿಬಿಡುತ್ತಾರೆ, ಅದು ನನ್ನ ಬೇಸರ. ನನಗೆ ದೊಡ್ಡದಾಗಿ ಕಾಣುವುದು ಆಮೇಲಿನದು.

1942ರ ಚಳವಳಿಯಲ್ಲಿ ಸೆಂಟ್ರಲ್ ಕಾಲೇಜಿನ ಓದು ಬಿಟ್ಟು ಜೈಲಿಗೆ ಹೋದರು. ಹೊರಗೆ ಬಂದು ಮತ್ತೆ ಓದಿ, 1946ರಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಅಧ್ಯಾಪಕರಾದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ನ್ಯೂಕ್ಲಿಯಸ್ಸಿನ ಮೇಲೆ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಂದ ಹಿಂದಿರುಗಿ 1961ರಲ್ಲಿ ಅದೇ ಕಾಲೇಜಿನ ಪ್ರಾಂಶುಪಾಲರು. ನಿನ್ನ ಲೆಕ್ಕದ ಪ್ರಕಾರ ಒಬ್ಬ ವಿಜ್ಞಾನಿ ಅಲ್ಲಿಗೆ ಮುಗಿದ. ಆದರೆ ಮರುವರ್ಷವೇ, 1962ರಲ್ಲಿ, ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ಬುಧವಾರ ಬಂತೆಂದರೆ ವಿಜ್ಞಾನದ ಉಪನ್ಯಾಸ, ಜುಲೈ ಬಂತೆಂದರೆ ವಿಜ್ಞಾನದ ಉತ್ಸವ. ಅಂಗಡಿಯವರು, ಗುಮಾಸ್ತರು, ನಿವೃತ್ತರು, ಕಾಲೇಜಿನ ಹುಡುಗರು, ಯಾರು ಬೇಕಾದರೂ ಬಂದು ಕೂರಬಹುದು, ಕೈಯೆತ್ತಿ ಪ್ರಶ್ನೆ ಕೇಳಬಹುದು. ಲ್ಯಾಬಿನಲ್ಲೇ ಉಳಿದಿದ್ದರೆ ಇನ್ನೂ ಕೆಲವು ಒಳ್ಳೆಯ ಪ್ರಬಂಧಗಳು ಬರುತ್ತಿದ್ದವು, ನಿಜ. ಅವುಗಳ ಬದಲು ಒಂದು ಊರಿಗೆ ವಿಜ್ಞಾನ ಕೇಳುವ ಅಭ್ಯಾಸ ಬಂತು. ಇದನ್ನು ನಷ್ಟ ಅನ್ನಲು ನನಗೆ ಬಾಯಿ ಬರುವುದಿಲ್ಲ.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ವಿಶ್ವವಿದ್ಯಾಲಯಕ್ಕೆ ಆಗ ಇನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಜ್ಞಾನಭಾರತಿಯ ಆವರಣ ಬೆಳೆದ ಕಾಲ ಅದು. ನೃತ್ಯ, ನಾಟಕ, ಸಂಗೀತಗಳಿಗೂ ವಿಶ್ವವಿದ್ಯಾಲಯದಲ್ಲಿ ಜಾಗ ಮಾಡಿಕೊಟ್ಟರು. ಭೌತಶಾಸ್ತ್ರದ ಮನುಷ್ಯ, ಖಾದಿ ಉಟ್ಟ ಬ್ರಹ್ಮಚಾರಿ, ವಿಚಾರವಾದಿ, ಇವರಿಗೆ ಗೆಜ್ಜೆ ಸದ್ದು ಯಾಕೆ ಬೇಕಾಯಿತು ಅಂತ ನೀನು ಕೇಳಬಹುದು. ಮನುಷ್ಯ ಕಲಿಯಬಹುದಾದದ್ದೆಲ್ಲ ವಿಶ್ವವಿದ್ಯಾಲಯದಲ್ಲಿರಬೇಕು ಅನ್ನುವುದು ವಿಜ್ಞಾನಕ್ಕೆ ವಿರುದ್ಧವಾದ ಮಾತಲ್ಲವಲ್ಲ.

ಅವರ ಹೆಸರು ದೇಶದಾಚೆಗೂ ಹೋದದ್ದು 1976ರಲ್ಲಿ. ಪವಾಡಗಳನ್ನೂ ಪರೀಕ್ಷೆಗೆ ಸಿಗುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ವಿಶ್ವವಿದ್ಯಾಲಯದಿಂದಲೇ ಒಂದು ಸಮಿತಿ ಮಾಡಿ, ತಾವೇ ಅಧ್ಯಕ್ಷರಾದರು. ವಿಜ್ಞಾನಿಗಳ ಎದುರು ಪವಾಡ ಮಾಡಿ ತೋರಿಸಬೇಕೆಂದು ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಅತ್ತ ಕಡೆಯಿಂದ ಒಪ್ಪಿಗೆ ಬರಲಿಲ್ಲ. ದೊಡ್ಡ ಗದ್ದಲವೇ ಆಯಿತು, ವಿಶ್ವವಿದ್ಯಾಲಯಕ್ಕೆ ಇದೆಲ್ಲ ಯಾಕೆ ಅಂದವರಿದ್ದರು. ಎಚ್ಚೆನ್ ಅವರಿಗಿಂತ ಮುಂಚೆ ಅದೇ ಕುಲಪತಿಯ ಕುರ್ಚಿಯಲ್ಲಿದ್ದ ಕವಿ ವಿ.ಕೃ. ಗೋಕಾಕರು ಬಾಬಾ ಅವರ ಭಕ್ತರು, ಮುಂದೆ ಪುಟ್ಟಪರ್ತಿಯಲ್ಲಿ ಬಾಬಾ ಅವರ ವಿದ್ಯಾಸಂಸ್ಥೆಯ ಮೊದಲ ಕುಲಪತಿಯಾದವರು. ಗೋಕಾಕರ ವಿದ್ವತ್ತನ್ನು ನಾನು ಗೌರವಿಸುತ್ತೇನೆ. ಆದರೆ ಈ ವಿಷಯದಲ್ಲಿ ನಾನು ಎಚ್ಚೆನ್ ಅವರ ಕಡೆ. ಪುಟ್ಟಪರ್ತಿ ನಮ್ಮ ಊರಿಗೆ ಎಷ್ಟು ಹತ್ತಿರ, ಇಲ್ಲಿ ಎಷ್ಟು ಮನೆಗಳಲ್ಲಿ ಆ ಫೋಟೊ ಇದೆ ಅನ್ನುವುದು ನಿನಗೆ ಗೊತ್ತು, ಹಾಗಿದ್ದೂ ಹೇಳುತ್ತೇನೆ. ಜನರ ತೆರಿಗೆಯಲ್ಲಿ ನಡೆಯುವ ವಿಶ್ವವಿದ್ಯಾಲಯ ಜನರ ಮಧ್ಯೆ ನಡೆಯುತ್ತಿರುವುದನ್ನು ಪರೀಕ್ಷಿಸಬಾರದು ಅಂದರೆ ಮತ್ತೆ ಯಾರು ಪರೀಕ್ಷಿಸಬೇಕು? ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ 42ನೇ ತಿದ್ದುಪಡಿಯೂ ಅದೇ 1976ರದ್ದು. ಆ ತಿದ್ದುಪಡಿಯ ಬೇರೆ ಎಷ್ಟೋ ಭಾಗಗಳನ್ನು ನಾನು ಒಪ್ಪುವುದಿಲ್ಲ, ಅದು ಬಿಡು.

ನಾನು ನಿನಗೆ ತೋರಿಸಬೇಕೆಂದಿದ್ದದ್ದು ಇಷ್ಟು: ಆ ಸಮಿತಿಯನ್ನು ಬರೀ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಮಾಡಲು ಆಗುತ್ತಿರಲಿಲ್ಲ, ಬರೀ ಆಡಳಿತಗಾರರು ಮಾಡುತ್ತಲೇ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ವಿಜ್ಞಾನಿಯ ತಲೆಯಲ್ಲಿ, ನಡೆದದ್ದು ಕುಲಪತಿಯ ಸಹಿಯಿಂದ. ಅಷ್ಟು ನಿರ್ಭಯವಾಗಿ ಸಹಿ ಹಾಕಲು ಆಗಿದ್ದು ಅವರಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲವಾದ್ದರಿಂದ. ದಶಕಗಟ್ಟಲೆ ಕಾಲೇಜು ಹಾಸ್ಟೆಲಿನ ಒಂದು ಸಣ್ಣ ಕೋಣೆಯಲ್ಲೇ ಇದ್ದರು. 1984ರಲ್ಲಿ ಪದ್ಮಭೂಷಣ ಬಂದ ಮೇಲೂ ಮನೆ ಕಟ್ಟಲಿಲ್ಲ. ಆ ಕೋಣೆಯನ್ನು ನೀನು ಅನುಕರಿಸಬೇಕಾಗಿಲ್ಲ. ನಿನಗೆ ಗಂಡ, ಮಗು, ವಯಸ್ಸಾದ ಅತ್ತೆ ಇದ್ದಾರೆ. ಎಚ್ಚೆನ್ ಅವರಿಗೆ ಯಾರೂ ಹೊರಿಸದ ಮನೆಗೆಲಸವನ್ನು ಹೆಂಗಸಾದ ನಿನಗೆ ಎಲ್ಲರೂ ಹೊರಿಸುತ್ತಾರೆ. ಆದರೆ ಈ ಹುದ್ದೆ ನಾಳೆ ಹೋದರೂ ನನ್ನ ಕ್ಲಾಸು ನನಗಿದೆ ಅನ್ನುವ ಧೈರ್ಯ ನಿನಗೂ ಇರಲಿ. ಅದಕ್ಕಾಗಿ ವಾರಕ್ಕೊಂದು ಪಾಠವನ್ನಾದರೂ ಬಿಡಬೇಡ. ಒಪ್ಪಿಗೆ ಕೊಡುವಾಗಲೇ ಇದನ್ನು ಬರವಣಿಗೆಯಲ್ಲಿ ಕೇಳು.

ಮೌಲ್ಯಮಾಪನದ ಕೆಲಸ ಒಣ ಕೆಲಸ ಅಂದೆಯಲ್ಲ, ಅದು ಮಾತ್ರ ನನಗೆ ನೋವಾಯಿತು. ನಮ್ಮ ಎದುರುಮನೆಯ ಹುಡುಗಿ ಡಿಗ್ರಿ ಪಾಸಾಗಿಯೂ ಅಂಕಪಟ್ಟಿ ಕೈಗೆ ಬಾರದೆ ಬಿ.ಎಡ್. ಸೇರುವುದು ಒಂದು ವರ್ಷ ತಪ್ಪಿತು. ಅವರಪ್ಪ ಕೂಲಿ ಬಿಟ್ಟು ಮತ್ತೆ ಮತ್ತೆ ಕೌಂಟರಿನ ಮುಂದೆ ನಿಂತು ಬಂದ. ಅಂಥವರ ಅರ್ಜಿ ನಿನ್ನ ಮೇಜಿಗೆ ಬರುತ್ತದೆ. ಮರುಮೌಲ್ಯಮಾಪನದಲ್ಲಿ ಒಂದೇ ಉತ್ತರಪತ್ರಿಕೆಗೆ ಇಬ್ಬರು ಕೊಟ್ಟ ಅಂಕಗಳು ಅಷ್ಟು ದೂರ ಯಾಕೆ ಅಂತ ಕೇಳಲು, ಅಂಕಿಗಳನ್ನು ಜೋಡಿಸಿ ತಪ್ಪು ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕಲು, ಅಳತೆಯ ದೋಷ ಅಂದರೇನೆಂದು ಬಲ್ಲ ನಿನ್ನಂಥವಳೇ ಬೇಕು. ನೀನು ಒಲ್ಲೆ ಅಂದರೆ ಆ ಕುರ್ಚಿ ಖಾಲಿ ಇರುವುದಿಲ್ಲ, ಇದನ್ನು ಲೆಕ್ಕ ಮಾಡದ ಇನ್ನೊಬ್ಬರು ಬಂದು ಕೂರುತ್ತಾರೆ.

ಇನ್ನೊಂದು ಮಾತು. ಶಿಫಾರಸಿಗೆ ಅಂತ ನಮ್ಮ ನೆಂಟರೇ ಮೊದಲು ಬರುತ್ತಾರೆ. ಅಮ್ಮ ಹೇಳಿದ್ದಾಳೆ ಅಂತ ಯಾರಾದರೂ ಬಂದರೆ ನಾನು ಹೇಳಿರುವುದಿಲ್ಲ, ತಿಳಿದಿರಲಿ.

ಸಂಶೋಧನಾ ವಿದ್ಯಾರ್ಥಿಗಳನ್ನು ನಡುನೀರಿನಲ್ಲಿ ಬಿಡಬೇಡ, ಇಬ್ಬರ ಥೀಸಿಸ್ ಮುಗಿಯುವವರೆಗೆ ಶನಿವಾರಗಳನ್ನು ಅವರಿಗೇ ಇಟ್ಟುಕೋ. ಪಾಪುವನ್ನು ನಾನು ನೋಡಿಕೊಳ್ಳುತ್ತೇನೆ. ಮೊದಲ ಪರೀಕ್ಷೆ ಮುಗಿಯುವ ತನಕ ಅಲ್ಲಿಗೇ ಬಂದಿರುತ್ತೇನೆ. ಅಳಿಯಂದಿರಿಗೂ ಹೇಳು. ಯಾವತ್ತು ಚಾರ್ಜ್ ತೆಗೆದುಕೊಳ್ಳುತ್ತೀಯ ಅಂತ ತಿಳಿಸಿದರೆ ಹಿಂದಿನ ದಿನದ ರೈಲಿಗೆ ಹೊರಡುತ್ತೇನೆ.

ಇಂತಿ,
ನಿನ್ನ ಅಮ್ಮ