ಡ್ವಾರ್ಫ್ ಹ್ಯಾಮ್‌ಸ್ಟರ್‌ಗಳಿಗೆ ಪ್ರತ್ಯೇಕ ಆಹಾರ: ಯುಗಾದಿಯಿಂದ ಆಗುವ ಬದಲಾವಣೆಯ ಬಗ್ಗೆ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರ ಸಂಘವು ಇದುವರೆಗೆ ಎಲ್ಲ ಬಗೆಯ ಹ್ಯಾಮ್‌ಸ್ಟರ್‌ಗಳಿಗೂ ಒಂದೇ ಕಾಳಿನ ಮಿಶ್ರಣವನ್ನು ತಯಾರಿಸಿ ಮಾರುತ್ತಿತ್ತು. ಬರುವ ಯುಗಾದಿಯಿಂದ ಡ್ವಾರ್ಫ್, ಅಂದರೆ ಗಾತ್ರದಲ್ಲಿ ಚಿಕ್ಕದಾದ, ಹ್ಯಾಮ್‌ಸ್ಟರ್‌ಗಳಿಗಾಗಿಯೇ ಬೇರೆ ಮಿಶ್ರಣ ದೊರೆಯಲಿದ್ದು, ಈಗಿರುವ ಮಿಶ್ರಣವನ್ನು ಸಿರಿಯನ್ ಹ್ಯಾಮ್‌ಸ್ಟರ್ ಸಾಕಿರುವವರಿಗೆ ಮಾತ್ರ ಕಳಿಸುತ್ತೇವೆ. ಹೊಸ ಮಿಶ್ರಣದಲ್ಲಿ ಒಣದ್ರಾಕ್ಷಿ, ಒಣ ಪಪಾಯ, ಬಾಳೆಹಣ್ಣಿನ ಚಿಪ್ಸ್, ಮುಸುಕಿನ ಜೋಳ ಹಾಗೂ ಬಣ್ಣದ ಬಿಸ್ಕತ್ತಿನ ತುಂಡುಗಳು ಇರುವುದಿಲ್ಲ; ಸೂರ್ಯಕಾಂತಿ ಬೀಜ ಬಹಳ ಕಡಿಮೆ ಇರುತ್ತದೆ. ಜೇನು ಸವರಿದ ಕಾಳಿನ ಕಡ್ಡಿಗಳ ಮಾರಾಟವನ್ನು ಪೂರ್ತಿಯಾಗಿ ನಿಲ್ಲಿಸುತ್ತಿದ್ದೇವೆ. ಬೆಲೆಯೂ ಸ್ವಲ್ಪ ಹೆಚ್ಚಾಗುತ್ತದೆ. ಈ ಬದಲಾವಣೆಯ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಯುವ ಹಕ್ಕು ನಿಮಗಿದೆ ಎಂಬ ಭಾವನೆಯಿಂದ ಈ ಪತ್ರ ಬರೆಯುತ್ತಿದ್ದೇವೆ.

ನಾವು ಕೆಲಸ ಆರಂಭಿಸಿದ ದಿನಗಳಲ್ಲಿ ನಮ್ಮಲ್ಲಿ ಕೊಳ್ಳುತ್ತಿದ್ದವರ ಮನೆಗಳಲ್ಲಿ ಹೆಚ್ಚಾಗಿ ಇದ್ದದ್ದು ಸಿರಿಯನ್ ಹ್ಯಾಮ್‌ಸ್ಟರ್. ಈಗ ಆರ್ಡರ್ ಕಳಿಸುವವರಲ್ಲಿ ಹೆಚ್ಚಿನವರು ರೋಬೊರೊವ್‌ಸ್ಕಿ, ಕ್ಯಾಂಪ್‌ಬೆಲ್ ಅಥವಾ ವಿಂಟರ್ ವೈಟ್ ಎಂಬ ಡ್ವಾರ್ಫ್ ಜಾತಿಗಳನ್ನು ಸಾಕಿದವರು. ಈ ಮೂರೂ ಫೋಡೋಪಸ್ ಎಂಬ ಕುಲಕ್ಕೆ ಸೇರಿದ ಪ್ರಾಣಿಗಳು; ಸಿರಿಯನ್ ಬೇರೆಯೇ ಕುಲದ್ದು. ವಿಂಟರ್ ವೈಟ್ ಅನ್ನು ಪ್ರಕೃತಿ ವಿಜ್ಞಾನಿ ಪೀಟರ್ ಸೈಮನ್ ಪಲ್ಲಾಸ್ 1773ರಲ್ಲಿಯೇ ವಿವರಿಸಿದ್ದರು. ರೋಬೊರೊವ್‌ಸ್ಕಿ 1903ರಲ್ಲಿ, ಕ್ಯಾಂಪ್‌ಬೆಲ್ 1905ರಲ್ಲಿ ವಿಜ್ಞಾನದ ದಾಖಲೆಗೆ ಬಂದವು. ಕಜಕಿಸ್ತಾನ, ಸೈಬೀರಿಯದ ದಕ್ಷಿಣ ಭಾಗ, ಮಂಗೋಲಿಯ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲುಗಳೂ ಮರಳುನೆಲಗಳೂ ಇವುಗಳ ತವರು. ಅಲ್ಲಿ ಅವು ರಾತ್ರಿಯ ಹೊತ್ತು ಬಹಳ ದೂರ ಓಡಾಡಿ ಹುಲ್ಲಿನ ಮತ್ತು ಕಾಡುಗಿಡಗಳ ಸಣ್ಣ ಬೀಜಗಳನ್ನು ಆಯ್ದು, ಜೊತೆಗೆ ಸಿಕ್ಕ ಹುಳುಹುಪ್ಪಟೆಗಳನ್ನು ತಿಂದು, ಉಳಿದದ್ದನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಬಿಲಕ್ಕೆ ಸಾಗಿಸುತ್ತವೆ. ಸಿಹಿಯಾದ ರಸಭರಿತ ಹಣ್ಣು ಆ ನೆಲದಲ್ಲಿ ಅವುಗಳ ನಿತ್ಯದ ಆಹಾರವಲ್ಲ.

ತೂಕದ ವ್ಯತ್ಯಾಸವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ ಸಾಮಾನ್ಯವಾಗಿ 120ರಿಂದ 150 ಗ್ರಾಂ ತೂಗಿದರೆ, ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್ 30ರಿಂದ 50 ಗ್ರಾಂ, ರೋಬೊರೊವ್‌ಸ್ಕಿ 20ರಿಂದ 25 ಗ್ರಾಂ ಮಾತ್ರ ತೂಗುತ್ತವೆ. ಒಂದು ಒಣದ್ರಾಕ್ಷಿ ಸುಮಾರು ಅರ್ಧ ಗ್ರಾಂ ಇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. 25 ಗ್ರಾಂ ತೂಕದ ಪ್ರಾಣಿಗೆ ಆ ಒಂದು ದ್ರಾಕ್ಷಿ ಕೊಟ್ಟರೆ, 50 ಕಿಲೋ ತೂಕದ ಮನುಷ್ಯ ಒಂದೇ ಸಲಕ್ಕೆ ಒಂದು ಕಿಲೋ ಒಣದ್ರಾಕ್ಷಿ ತಿಂದಷ್ಟಾಗುತ್ತದೆ. ಪ್ರೀತಿಯಿಂದ ದಿನಕ್ಕೊಂದು ದ್ರಾಕ್ಷಿ ಕೊಡುವ ಮಕ್ಕಳಿಗೆ ಈ ಲೆಕ್ಕವನ್ನು ಹಿರಿಯರು ತಿಳಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ. ಲೆಕ್ಕ ಅರ್ಥವಾದ ಮೇಲೆ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಎಚ್ಚರ ವಹಿಸುತ್ತಾರೆ.

ಸಕ್ಕರೆಯನ್ನು ಇಷ್ಟು ಕಟ್ಟುನಿಟ್ಟಾಗಿ ಬಿಡಲು ಇನ್ನೊಂದು ಗಟ್ಟಿಯಾದ ಕಾರಣವಿದೆ. ಡ್ವಾರ್ಫ್ ಹ್ಯಾಮ್‌ಸ್ಟರ್‌ಗಳಲ್ಲಿ, ಅದರಲ್ಲೂ ಕ್ಯಾಂಪ್‌ಬೆಲ್‌ಗಳಲ್ಲಿ, ಸಕ್ಕರೆ ಕಾಯಿಲೆ ವಂಶದಿಂದ ಬರುವುದುಂಟು. ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್ ಒಂದರೊಡನೊಂದು ಕೂಡಿ ಮರಿ ಹಾಕಬಲ್ಲವಾದ್ದರಿಂದ ಸಾಕುಪ್ರಾಣಿಗಳ ಮಾರುಕಟ್ಟೆಯಲ್ಲಿ ಬೆರಕೆ ಮರಿಗಳು ಸಾಮಾನ್ಯವಾಗಿವೆ, ಮತ್ತು ಬಣ್ಣ ನೋಡಿ ಯಾವುದು ಯಾವುದೆಂದು ನಿರ್ಧರಿಸಲು ಬರುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ವಿಂಟರ್ ವೈಟ್ ಎಂದು ಹೇಳಿ ಕೊಟ್ಟಿದ್ದರೂ ನಿಮ್ಮ ಮನೆಯ ಪ್ರಾಣಿಗೆ ಈ ಅಪಾಯ ಇದೆಯೆಂದೇ ಭಾವಿಸಿ ಆಹಾರ ಕೊಡುವುದು ಕ್ಷೇಮ. ನೀರಿನ ಬಾಟಲಿ ಎಂದಿಗಿಂತ ಬೇಗ ಖಾಲಿಯಾಗುವುದು, ಹಾಸು ಹೆಚ್ಚು ಒದ್ದೆಯಾಗುವುದು, ಚೆನ್ನಾಗಿ ತಿನ್ನುತ್ತಿದ್ದರೂ ಮೈ ಇಳಿಯುವುದು, ಕೆಲವೊಮ್ಮೆ ಕಣ್ಣಿಗೆ ಪೊರೆ ಬರುವುದು ಈ ಕಾಯಿಲೆಯ ಲಕ್ಷಣಗಳು. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುವ ಪಟ್ಟಿಗಳು ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ. ಅನುಮಾನ ಬಂದರೆ ಅದರಿಂದ ಒಮ್ಮೆ ಪರೀಕ್ಷಿಸಿ ಪಶುವೈದ್ಯರ ಬಳಿಗೆ ಹೋಗಬಹುದು.

ಹೊಸ ಮಿಶ್ರಣದ ಮೈ ಎಂದರೆ ನಮ್ಮ ನಾಡಿನ ಕಿರುಧಾನ್ಯಗಳು. ನವಣೆ, ಬರಗು, ಸಾಮೆ, ಊದಲು, ಕೊರಲೆ ಇವೆಲ್ಲವೂ ಹುಲ್ಲಿನ ಜಾತಿಯ ಸಣ್ಣ ಬೀಜಗಳೇ ಆಗಿರುವುದರಿಂದ ಸ್ಟೆಪಿ ಹುಲ್ಲುಗಾವಲಿನ ಈ ಪ್ರಾಣಿಗಳ ಬಾಯಿಗೂ ಹೊಟ್ಟೆಗೂ ಚೆನ್ನಾಗಿ ಹೊಂದುತ್ತವೆ. ಕೊರಲೆಯನ್ನು ಪಾವಗಡ, ಮಧುಗಿರಿ ಕಡೆಯ ನಮ್ಮ ಸದಸ್ಯ ರೈತರಿಂದಲೇ ಕೊಳ್ಳುತ್ತೇವೆ. ಮನುಷ್ಯರ ಅಡುಗೆಗೆ ಕೊರಲೆಯ ಹೊಟ್ಟು ತೆಗೆಸುವುದು ರೈತರಿಗೆ ದೊಡ್ಡ ಶ್ರಮದ ಕೆಲಸ. ಹ್ಯಾಮ್‌ಸ್ಟರ್‌ಗೆ ಬೇಕಾದದ್ದು ಹೊಟ್ಟಿನ ಸಮೇತವಾದ ಕಾಳು. ಒಂದೊಂದು ಕಾಳನ್ನೂ ಮುಂಗೈಗಳಲ್ಲಿ ಹಿಡಿದು, ತಿರುಗಿಸಿ, ಸಿಪ್ಪೆ ಬಿಡಿಸಿ ತಿನ್ನುವುದೇ ಅದಕ್ಕೆ ರಾತ್ರಿಯ ಮುಖ್ಯ ಕಸುಬು. ಆ ಕಸುಬು ಇಲ್ಲದಂತೆ ಮೆತ್ತಗಿನ, ಸಿಪ್ಪೆ ಸುಲಿದ ಆಹಾರವನ್ನೇ ಬಟ್ಟಲಿನಲ್ಲಿ ಇಟ್ಟರೆ ಹೊಟ್ಟೆ ಬೇಗ ತುಂಬುತ್ತದೆ, ಉಳಿದ ರಾತ್ರಿಯೆಲ್ಲ ಅದು ಪಂಜರದ ಸರಳು ಕಡಿಯುತ್ತಾ ಕೂರುತ್ತದೆ. ಪ್ರತಿ ಪೊಟ್ಟಣದಲ್ಲಿ ಎರಡು ಇಡೀ ನವಣೆ ತೆನೆಗಳನ್ನೂ ಹಾಕುತ್ತಿದ್ದೇವೆ. ತೆನೆಯನ್ನು ನೇತುಹಾಕಿ ಅಥವಾ ಹಾಸಿನಲ್ಲಿ ನೆಟ್ಟು ನಿಲ್ಲಿಸಿ ನೋಡಿ. ಹ್ಯಾಮ್‌ಸ್ಟರ್ ಹಿಂಗಾಲಿನ ಮೇಲೆ ನಿಂತು ಅದನ್ನು ಬಗ್ಗಿಸಿ ಕಾಳು ಕೀಳುವುದನ್ನು ನೋಡುವುದು ಸಾಕಿದವರಿಗೆ ಸಿಗುವ ದೊಡ್ಡ ಸಂತೋಷಗಳಲ್ಲಿ ಒಂದೆಂದು ನಾವು ಮನಸಾರೆ ನಂಬುತ್ತೇವೆ.

ಇದೇ ಕಾರಣಕ್ಕೆ ಕಾಳನ್ನು ಬಟ್ಟಲಿನಲ್ಲಿ ಇಡುವ ಬದಲು ಹಾಸಿನ ಮೇಲೆ ಚೆಲ್ಲಿ ಕೊಡುವಂತೆ ಶಿಫಾರಸು ಮಾಡುತ್ತೇವೆ. ಹಾಗೆ ಚೆಲ್ಲಲು ಹಾಸು ಆಳವಾಗಿರಬೇಕು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು 10, 40 ಮತ್ತು 80 ಸೆಂಟಿಮೀಟರ್ ಆಳದ ಹಾಸಿನಲ್ಲಿಟ್ಟು ಗಮನಿಸಿದಾಗ, ತೆಳುವಾದ ಹಾಸಿನಲ್ಲಿದ್ದವು ಸರಳು ಕಡಿಯುವುದು ಹೆಚ್ಚೆಂದು ಕಂಡುಬಂದಿತು. ಅದು ದೊಡ್ಡ ಜಾತಿಯ ಮೇಲೆ ನಡೆದ ಅಧ್ಯಯನವಾದರೂ, ಬಿಲ ತೋಡಿ ಬದುಕುವುದು ಡ್ವಾರ್ಫ್‌ಗಳ ಸ್ವಭಾವವೂ ಹೌದು. ಕಾಗದದ ಹಾಸು ಅಥವಾ ಘಾಟಿಲ್ಲದ ಆಸ್ಪೆನ್ ಮರದ ಹೊಟ್ಟನ್ನು 25ರಿಂದ 30 ಸೆಂಟಿಮೀಟರ್ ಆಳಕ್ಕೆ ಹಾಕಿದರೆ ಅವು ಸುರಂಗ ಮಾಡಿಕೊಂಡು ಕಾಳನ್ನು ಕೂಡಿಡುತ್ತವೆ. ದೇವದಾರು, ಪೈನ್ ಮರದ ಘಾಟಿನ ಹೊಟ್ಟು ಮತ್ತು ಹತ್ತಿ ಬೇಡ. ಹತ್ತಿಯ ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕೆನ್ನೆಯ ಚೀಲದಲ್ಲೂ ಸಿಕ್ಕಿಕೊಳ್ಳುತ್ತದೆ.

ಪೊಟ್ಟಣದೊಳಗೆ ಪ್ರತ್ಯೇಕವಾದ ಸಣ್ಣ ಲಕೋಟೆಯೊಂದರಲ್ಲಿ ಒಣಗಿಸಿದ ಮೀಲ್‌ವರ್ಮ್ ಹುಳುಗಳಿರುತ್ತವೆ. ಈ ವಿಷಯವನ್ನು ಸಂಘದ ಸಭೆಯಲ್ಲಿ ಬಹಳ ಹೊತ್ತು ಚರ್ಚಿಸಿದೆವು, ಏಕೆಂದರೆ ನಮ್ಮ ಗ್ರಾಹಕರಲ್ಲಿ ಸಸ್ಯಾಹಾರಿ ಮನೆತನದವರು ಅನೇಕರಿದ್ದಾರೆ. ಡ್ವಾರ್ಫ್ ಹ್ಯಾಮ್‌ಸ್ಟರ್ ಮಿಶ್ರಾಹಾರಿ. ಅದರ ಒಟ್ಟು ಆಹಾರದಲ್ಲಿ ಪ್ರೋಟೀನ್ ಶೇ. 17ರಿಂದ 19ರಷ್ಟಿರಬೇಕೆಂಬುದು ನಮ್ಮ ಗುರಿ, ಮತ್ತು ಕಿರುಧಾನ್ಯ ಹಾಗೂ ಅಗಸೆ ಬೀಜದಿಂದ ಮಾತ್ರ ಆ ಮಟ್ಟ ಮುಟ್ಟುವುದು ಕಷ್ಟ. ಹುಳುವನ್ನು ಮುಟ್ಟಲು ಅಥವಾ ಮನೆಯಲ್ಲಿ ಇಡಲು ಇಷ್ಟವಿಲ್ಲದವರ ಭಾವನೆಯನ್ನು ಗೌರವಿಸಿ ಅದನ್ನು ಕಾಳಿನೊಡನೆ ಬೆರೆಸಿಲ್ಲ. ಆರ್ಡರ್ ಮಾಡುವಾಗ ಬೇಡವೆಂದು ತಿಳಿಸಿದರೆ ಲಕೋಟೆಯನ್ನು ತೆಗೆದು ಕಳಿಸುತ್ತೇವೆ. ಅಂಥವರು ಉಪ್ಪು ಹಾಕದೆ ಬೇಯಿಸಿದ ಹೆಸರುಕಾಳನ್ನು ಒಂದೆರಡು ಕಾಳಿನಷ್ಟು, ವಾರದಲ್ಲಿ ಎರಡು ಮೂರು ಸಲ ಕೊಡಬಹುದು. ಮರಿಗಳಿಗೂ ಗರ್ಭಿಣಿ ಹ್ಯಾಮ್‌ಸ್ಟರ್‌ಗಳಿಗೂ ಮಾತ್ರ ಹುಳುವನ್ನು ತಪ್ಪಿಸಬೇಡಿ ಎಂಬುದು ನಮ್ಮ ವಿನಂತಿ. ಹಸಿ ಬೇಳೆಕಾಳು, ಹಸಿ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ನಿಂಬೆ ಜಾತಿಯ ಹಣ್ಣು, ಚಾಕೊಲೇಟ್, ಖಾರ ಹಾಕಿದ ಮಂಡಕ್ಕಿ ಯಾವುದೂ ಕೂಡದು. ತೊಳೆದ ಸೌತೆಕಾಯಿ ಅಥವಾ ಕೊತ್ತಂಬರಿ ಸೊಪ್ಪಿನ ಸಣ್ಣ ಚೂರು ಸಾಕು.

ಜೇನಿನ ಕಡ್ಡಿಗಳ ಬದಲಿಗೆ ಹಿಪ್ಪುನೇರಳೆಯ ಒಣ ಕಡ್ಡಿಗಳ ಕಟ್ಟನ್ನು ಮಾರುತ್ತೇವೆ. ಹ್ಯಾಮ್‌ಸ್ಟರ್‌ನ ಮುಂದಿನ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಕಡಿಯಲು ಗಟ್ಟಿ ವಸ್ತು ಬೇಕೇ ಬೇಕು. ಜೇನಿನಿಂದ ಅಂಟಿಸಿದ ಕಾಳಿನ ಕಡ್ಡಿ ಆ ಕೆಲಸಕ್ಕೆ ಬಾರದು, ಸಕ್ಕರೆ ಮಾತ್ರ ಕೊಡುತ್ತದೆ. ಹಿಪ್ಪುನೇರಳೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ: ಕೀಟನಾಶಕ ತಗುಲಿದ ಎಲೆ ತಿಂದರೆ ರೇಷ್ಮೆಹುಳು ಸಾಯುತ್ತದೆ, ಹಾಗಾಗಿ ರೇಷ್ಮೆ ಬೆಳೆಗಾರರು ತಮ್ಮ ತೋಟಕ್ಕೆ ಔಷಧಿ ಹೊಡೆಯುವ ವಿಷಯದಲ್ಲಿ ಬಹಳ ಜಾಗ್ರತೆಯಾಗಿರುತ್ತಾರೆ. ತೋಟದಲ್ಲಿ ಕಡ್ಡಿ ಕತ್ತರಿಸುವ ಸಮಯದಲ್ಲಿ ಸೊಪ್ಪು ಹುಳುವಿಗೆ ಹೋಗುತ್ತಿತ್ತೆಂದು ಖಚಿತಪಡಿಸಿಕೊಂಡೇ ನಾವು ಕೊಳ್ಳುತ್ತೇವೆ.

ಪೊಟ್ಟಣದ ತೂಕ 500 ಗ್ರಾಂನಿಂದ 250 ಗ್ರಾಂಗೆ ಇಳಿಯುತ್ತದೆ. ಡ್ವಾರ್ಫ್ ಹ್ಯಾಮ್‌ಸ್ಟರ್‌ಗೆ ದಿನಕ್ಕೆ ಒಂದು ಟೀ ಚಮಚ, ಮೈಕಟ್ಟು ದೊಡ್ಡದಾಗಿದ್ದರೆ ಒಂದೂವರೆ ಚಮಚ ಕಾಳು ಸಾಕಾಗುತ್ತದೆ; ಆ ಲೆಕ್ಕದಲ್ಲಿ 250 ಗ್ರಾಂ ಒಂದು ತಿಂಗಳಿಗೂ ಮೀರಿ ಬರುತ್ತದೆ. ಅಗಸೆಯಂತಹ ಎಣ್ಣೆಬೀಜಗಳು ಬೇಸಿಗೆಯ ಸೆಕೆಯಲ್ಲಿ ಬೇಗ ಕಮಟುವಾಸನೆ ಹಿಡಿಯುತ್ತವೆ, ಕರಾವಳಿಯ ತೇವದಲ್ಲಿ ಕಾಳಿಗೆ ಬೂಷ್ಟು ಬರುತ್ತದೆ, ಹೀಗಾಗಿ ದೊಡ್ಡ ಪೊಟ್ಟಣ ತೆರೆದಿಟ್ಟುಕೊಂಡು ತಿಂಗಳುಗಟ್ಟಲೆ ಬಳಸುವುದು ಒಳ್ಳೆಯದಲ್ಲ. ಗಾಳಿಯಾಡದ ಡಬ್ಬಿಯಲ್ಲಿಡಿ, ಹುಳ ಬಿದ್ದೀತೆಂಬ ಭಯವಿದ್ದರೆ ಎರಡು ಮೂರು ದಿನ ಫ್ರೀಜರಿನಲ್ಲಿಟ್ಟು ತೆಗೆಯಿರಿ. ನಮ್ಮ ಮನೆಗಳಲ್ಲಿ ಧಾನ್ಯ ಕೆಡದಿರಲೆಂದು ಬೋರಿಕ್ ಪುಡಿ ಬೆರೆಸುವ ಅಥವಾ ಹರಳೆಣ್ಣೆ ಸವರುವ ರೂಢಿಯಿದೆ. ನಾವು ತೊಳೆದು ಬೇಯಿಸಿ ಉಣ್ಣುತ್ತೇವೆ, ಕಾಳನ್ನು ಹಾಗೆಯೇ ತಿನ್ನುವ ಈ ಪ್ರಾಣಿಗೆ ಅಂಥ ಕಾಳನ್ನು ದಯವಿಟ್ಟು ಕೊಡಬೇಡಿ. ನಮ್ಮ ಘಟಕಕ್ಕೆ ಹಾಗೆ ಸಂಸ್ಕರಿಸಿದ ಧಾನ್ಯವನ್ನು ತೆಗೆದುಕೊಳ್ಳುವುದಿಲ್ಲ. ಕೈಯಿಂದ ಕಲ್ಲು ಆರಿಸುವ ಕೂಲಿ, ಹುಳುವಿನ ಖರ್ಚು ಮತ್ತು ಚಿಕ್ಕ ಪೊಟ್ಟಣಗಳ ವೆಚ್ಚ ಸೇರಿ ಹೊಸ ಪೊಟ್ಟಣದ ಬೆಲೆ 140 ರೂಪಾಯಿ ಆಗುತ್ತದೆ.

ಹಳೆಯ ಆಹಾರದಿಂದ ಹೊಸದಕ್ಕೆ ಒಮ್ಮೆಲೇ ಬದಲಾಯಿಸಬೇಡಿ. ಮೊದಲ ನಾಲ್ಕೈದು ದಿನ ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು ಬೆರೆಸಿ, ಆಮೇಲೆ ಅರ್ಧಕ್ಕರ್ಧ ಮಾಡಿ, ಎರಡು ವಾರದ ಹೊತ್ತಿಗೆ ಪೂರ್ತಿ ಹೊಸದಕ್ಕೆ ಬನ್ನಿ. ಅವಸರ ಮಾಡಿದರೆ ಭೇದಿಯಾಗಬಹುದು, ಇಷ್ಟು ಚಿಕ್ಕ ದೇಹಕ್ಕೆ ಭೇದಿ ಒಂದೆರಡು ದಿನದಲ್ಲಿಯೇ ಪ್ರಾಣಕ್ಕೆ ಬರುತ್ತದೆ. ಮೊದಲ ವಾರ ಹ್ಯಾಮ್‌ಸ್ಟರ್ ದ್ರಾಕ್ಷಿಗಾಗಿ ಹುಡುಕಿ, ಕಿರುಧಾನ್ಯವನ್ನು ಬಿಟ್ಟಂತೆ ಕಾಣಬಹುದು. ಬಟ್ಟಲು ಅಥವಾ ಹಾಸಿನ ಮೇಲ್ಭಾಗ ನೋಡಿ ತಿಂದಿತೋ ಬಿಟ್ಟಿತೋ ಎಂದು ತೀರ್ಮಾನಿಸಲು ಬರುವುದಿಲ್ಲ, ಏಕೆಂದರೆ ಅರ್ಧ ಭಾಗ ಬಿಲದ ಉಗ್ರಾಣಕ್ಕೆ ಹೋಗಿರುತ್ತದೆ. ಕೊಳೆಯುವ ಸೊಪ್ಪು ತರಕಾರಿ ಮಾತ್ರ ತೆಗೆಯಿರಿ. ಕೂಡಿಟ್ಟ ಒಣ ಕಾಳನ್ನು ಶುಚಿತ್ವದ ಹೆಸರಿನಲ್ಲಿ ಪೂರ್ತಿ ಬಾಚಿ ಎಸೆಯುವುದು ಅದಕ್ಕೆ ಬಹಳ ಕಳವಳ ತರುತ್ತದೆ.

ಬಟ್ಟಲಿಗಿಂತ ತಕ್ಕಡಿಯನ್ನು ನಂಬಿ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿಯ ಮೇಲೆ ಸಣ್ಣ ಡಬ್ಬಿಯಿಟ್ಟು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಸಂಜೆ ಅದು ತಾನಾಗಿ ಎದ್ದ ಮೇಲೆ ತೂಗಿ ಬರೆದಿಡಿ. 40 ಗ್ರಾಂ ಇದ್ದದ್ದು 36ಕ್ಕೆ ಇಳಿದರೆ ಪಶುವೈದ್ಯರನ್ನು ಕಾಣಬೇಕು. ತೂಕ ಏರುತ್ತಲೇ ಹೋದರೆ ಕಾಳು ಕಡಿಮೆ ಮಾಡುವ ಮೊದಲು ಚಕ್ರವನ್ನು ನೋಡಿ. ಡ್ವಾರ್ಫ್‌ಗೆ ಸುಮಾರು 20 ಸೆಂಟಿಮೀಟರ್ ವ್ಯಾಸದ, ಸಂದಿಗಳಿಲ್ಲದ ಗಟ್ಟಿ ತಳದ ಚಕ್ರ ಬೇಕು, ಚಿಕ್ಕದಾದರೆ ಬೆನ್ನು ಬಾಗಿ ಓಡಲು ಕಷ್ಟವಾಗುತ್ತದೆ. ಒಂದೇ ಪಂಜರದಲ್ಲಿ ಎರಡಿದ್ದು ಒಂದು ಕೊಬ್ಬುತ್ತಾ ಇನ್ನೊಂದು ಸೊರಗುತ್ತಿದ್ದರೆ, ಆಹಾರದ ಮೇಲೆ ಜಗಳ ನಡೆಯುತ್ತಿದೆ ಎಂದರ್ಥ; ಗಾಯಕ್ಕಾಗಿ ಕಾಯದೆ ಬೇರೆ ಬೇರೆ ಇಡಿ. ಬಿಸಿಲು ಏರಿದ ದಿನಗಳಲ್ಲಿ ಆಹಾರ ಕಡಿಮೆಯಾಗುವುದು ಸಹಜ, ಆದರೆ ಕೋಣೆಯ ಉಷ್ಣಾಂಶ 27 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಗ್ರಾಹಕರು ಪಂಜರವನ್ನು ಮನೆಯ ಅತ್ಯಂತ ತಂಪಾದ ನೆಲಮಟ್ಟದ ಕೋಣೆಗೆ ಈಗಲೇ ಸ್ಥಳಾಂತರಿಸಿ, ಮಲಗಲು ಒಂದು ಸೆರಾಮಿಕ್ ಟೈಲ್ ಇಟ್ಟರೆ ಒಳ್ಳೆಯದು.

ಕಾಯಿಲೆ ಬಿದ್ದಾಗ ಮನೆಯಲ್ಲಿ ಉಳಿದಿರುವ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಪುಡಿಮಾಡಿ ಎಂದಿಗೂ ಕೊಡಬೇಡಿ. ಅಮಾಕ್ಸಿಸಿಲಿನ್, ಪೆನಿಸಿಲಿನ್ ಗುಂಪಿನ ಔಷಧಿಗಳು ಹ್ಯಾಮ್‌ಸ್ಟರ್‌ನ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ನಾಶಮಾಡಿ, ಅಪಾಯಕಾರಿಯಾದವು ಬೆಳೆಯಲು ಬಿಟ್ಟು, ಸಾವಿಗೆ ಕಾರಣವಾಗುತ್ತವೆ. ನಾಯಿ ಬೆಕ್ಕುಗಳನ್ನಷ್ಟೇ ನೋಡುವ ವೈದ್ಯರ ಬಳಿ ಹೋದಾಗಲೂ ಇದು ಹ್ಯಾಮ್‌ಸ್ಟರ್ ಎಂದು ನೆನಪಿಸಿ, ಔಷಧಿಯ ಹೆಸರು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಈಗಾಗಲೇ ಮುಂಗಡ ಹಣ ಕಟ್ಟಿರುವ ಗ್ರಾಹಕರಿಗೆ ಹೊಸ ಪೊಟ್ಟಣವನ್ನು ಹಳೆಯ ದರದಲ್ಲಿಯೇ ಕಳಿಸುತ್ತೇವೆ. ನಿಮ್ಮಲ್ಲಿ ತೆರೆಯದ ಹಳೆಯ ಪೊಟ್ಟಣಗಳಿದ್ದು, ಆಹಾರ ಬದಲಾಯಿಸುವ ಎರಡು ವಾರಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹಿಂತಿರುಗಿಸಿದರೆ ಅದರ ಬೆಲೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುತ್ತೇವೆ. ಮುಂದಿನ ಆರ್ಡರಿನಲ್ಲಿ ನಿಮ್ಮ ಹ್ಯಾಮ್‌ಸ್ಟರ್‌ನ ಜಾತಿ, ವಯಸ್ಸು ಮತ್ತು ಈಗಿನ ತೂಕವನ್ನು ಬರೆದು, ಹುಳುವಿನ ಲಕೋಟೆ ಬೇಕೋ ಬೇಡವೋ ಎಂಬುದನ್ನೂ ತಿಳಿಸಬೇಕಾಗಿ ಕೋರುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಕಾರ್ಯದರ್ಶಿ
ಸಹಕಾರ ಸಂಘದ ಆಹಾರ ತಯಾರಿಕಾ ಘಟಕ, ತುಮಕೂರು