ಮಂಜುಗಡ್ಡೆ ಮೇಲಿನ ಗುಡಾರಕ್ಕೆ ದೊಡ್ಡ ಹೀಟರ್ ಬೇಡ

ಸಂಪಾದಕರಿಗೆ ನಮಸ್ಕಾರ.

ನಾನು ಕುಂದಾಪುರದವನು. ಕೆಲಸಕ್ಕೆಂದು ಅಮೆರಿಕದ ಮಿನ್ನೆಸೋಟಕ್ಕೆ ಬಂದು ಇಲ್ಲೇ ಉಳಿದುಕೊಂಡಿದ್ದೇನೆ. ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತೇನೆ. ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಸಾವು, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರ ಸಾವು, ಇಂಥ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಸಾವುಗಳಿಗೆ ಕಾರಣವಾಗುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವೇ ಇಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೂ ಜೀವ ತೆಗೆಯುತ್ತದೆ. ನಮ್ಮ ಕಡೆಯಿಂದ ಓದಲು, ಕೆಲಸ ಮಾಡಲು ಬಂದ ಹುಡುಗರು ಈಗ ಆ ಕೆರೆಗಳಿಗೆ ಮೀನು ಹಿಡಿಯಲು ಹೋಗುತ್ತಿದ್ದಾರೆ. ಅವರೂ, ಊರಲ್ಲಿರುವ ಅವರ ಅಪ್ಪ ಅಮ್ಮಂದಿರೂ ಓದಲಿ ಎಂದು ಬರೆಯುತ್ತಿದ್ದೇನೆ.

ಮಿನ್ನೆಸೋಟದಲ್ಲಿ ಕೆರೆಗಳು ಹತ್ತು ಸಾವಿರಕ್ಕೂ ಜಾಸ್ತಿ. ಚಳಿಗಾಲದಲ್ಲಿ ಅವು ಗಟ್ಟಿಯಾದ ಮೇಲೆ ಮಿಲ್ ಲ್ಯಾಕ್ಸ್, ಲೇಕ್ ಆಫ್ ದ ವುಡ್ಸ್‌ನಂಥ ದೊಡ್ಡ ಕೆರೆಗಳ ಮೇಲೆ ಗುಡಾರಗಳು ಸಾಲುಸಾಲಾಗಿ ಏಳುತ್ತವೆ. ಆಗರ್ ಎಂಬ ಕೊರೆಯುವ ಯಂತ್ರದಿಂದ ಮಂಜುಗಡ್ಡೆಗೆ ತೂತು ಮಾಡಿ, ಗಾಳ ಇಳಿಸಿ ಕಾಯುತ್ತಾ ಕೂರುವುದು. ಮೀನು ತಿಂದು ಬೆಳೆದ ಕರಾವಳಿಯವರಿಗೆ ಇದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ನನಗೂ ಆಗಲಿಲ್ಲ. ಈಗಷ್ಟೇ ಹಿಡಿದ ವಾಲೈ ಮೀನನ್ನು ಮೆಣಸಿನ ಮಸಾಲೆ ಹಚ್ಚಿ ಕಾಯಿಸಿದರೆ ಅದರ ರುಚಿಯೇ ಬೇರೆ. ನಡೆದು ಹೋಗಲು ಕಡಿಮೆಯೆಂದರೆ 4 ಇಂಚು ಹೊಸ, ತಿಳಿ ಮಂಜುಗಡ್ಡೆ ಇರಬೇಕು ಎಂದು ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಹುಡುಗರು ಅದನ್ನು ಕೇಳಿ ತಿಳಿದುಕೊಂಡೇ ಹೊರಡುತ್ತಾರೆ. ಹೀಟರ್ ವಿಷಯದಲ್ಲಿ ಮಾತ್ರ ಅಂಗಡಿಯವನು ಹೇಳಿದ್ದೇ ವೇದವಾಕ್ಯ.

ಈಚೆಗೆ ಒಬ್ಬ ಹುಡುಗ ಇಬ್ಬರು ಕೂರುವ ಗುಡಾರಕ್ಕೆ 18,000 ಬಿಟಿಯು (ಹೀಟರ್ ಗಂಟೆಗೆ ಕೊಡುವ ಶಾಖವನ್ನು ಇಲ್ಲಿ ಈ ಅಳತೆಯಲ್ಲಿ ಹೇಳುತ್ತಾರೆ) ಹೀಟರ್ ಕೊಂಡು ತಂದಿದ್ದ. ‘ಚಳಿ ಜಾಸ್ತಿ, ದೊಡ್ಡದೇ ತಗೊಳ್ಳಿ’ ಎಂದು ಅಂಗಡಿಯಲ್ಲಿ ಹೇಳಿದ್ದರಂತೆ. ನನಗೆ ಸಿಟ್ಟು ಬಂತು. ಅದರ ಅರ್ಧ, ಅಂದರೆ 9,000 ಬಿಟಿಯು ಎಂದರೆ ಸುಮಾರು 2,600 ವ್ಯಾಟ್. ಊರಿನ ಬಚ್ಚಲುಮನೆಯ ಕರೆಂಟ್ ಗೀಸರ್‌ನಷ್ಟು ಶಾಖ! ಆರಡಿ ಉದ್ದ, ಆರಡಿ ಅಗಲದ ಗುಡಾರಕ್ಕೆ ಅದೇ ಧಾರಾಳ. ಒಳಗೆ ಚಳಿ ತಡೆಯುವ ಪದರ ಇರುವ ದಪ್ಪ ಬಟ್ಟೆಯ ಗುಡಾರವಾದರೆ 4,000 ಬಿಟಿಯು ಸಾಕು. ಇಲ್ಲಿ ಹೆಚ್ಚು ಜನರ ಕೈಯಲ್ಲಿ ಕಾಣುವುದು ಮಿಸ್ಟರ್ ಹೀಟರ್ ಕಂಪನಿಯ ‘ಬಡ್ಡಿ’. ಅದರ ಮಧ್ಯಮ ಗಾತ್ರದ್ದರಲ್ಲಿ 4,000 ಮತ್ತು 9,000 ಎರಡೂ ಇವೆ. ಇಬ್ಬರಿಗೆ ನಾನು ಹೇಳುವುದು ಆ ಗಾತ್ರವನ್ನೇ. ಉಳಿಯುವ ದುಡ್ಡನ್ನು ದಪ್ಪ ಬಟ್ಟೆಯ ಗುಡಾರಕ್ಕೆ ಹಾಕಿ.

ದೊಡ್ಡದು ಬೇಡ ಎನ್ನುವುದಕ್ಕೆ ಕಾರಣ ಖರ್ಚು ಒಂದೇ ಅಲ್ಲ. ಈ ಹೀಟರ್‌ಗಳಿಗೆ ಹೊಗೆ ಕೊಳವೆ ಇರುವುದಿಲ್ಲ. ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ನೀವು ಉಸಿರಾಡುವ ಗಾಳಿಯಿಂದಲೇ ತೆಗೆದುಕೊಳ್ಳುತ್ತವೆ. ಉರಿದು ಬಂದದ್ದನ್ನು ಅದೇ ಗಾಳಿಗೆ ಬಿಡುತ್ತವೆ. ಇವುಗಳಿಗೆ ಹಾಕುವ ಪ್ರೊಪೇನ್ ಅನಿಲದ ಒಂದು ಪೌಂಡಿನ ಸಣ್ಣ ಸಿಲಿಂಡರ್ 9,000ದಲ್ಲಿ ಎರಡೂವರೆ ಗಂಟೆಯೂ ಬರುವುದಿಲ್ಲ. 4,000ದಲ್ಲಿ ಐದು ಗಂಟೆ ದಾಟುತ್ತದೆ. ಅಷ್ಟು ಪ್ರೊಪೇನ್ ಉರಿದಾಗ ಮುಕ್ಕಾಲು ಲೀಟರಿನಷ್ಟು ನೀರು ಆವಿಯಾಗಿ ಗುಡಾರದೊಳಗೇ ಸೇರುತ್ತದೆ. ಬಟ್ಟೆಗೆ ತಾಗಿ ಹನಿಯಾಗುತ್ತದೆ, ಕೈಗವಸು ಒದ್ದೆ ಮಾಡುತ್ತದೆ, ಹೀಟರ್ ಆರಿಸಿದ ಕೂಡಲೇ ಹೆಪ್ಪುಗಟ್ಟುತ್ತದೆ. ಕಿಟಕಿ ತೆರೆದರೆ ಚಳಿ ಬರುತ್ತದೆ ಅಂತ ಹುಡುಗರು ಮುಚ್ಚಿಡುತ್ತಾರಲ್ವಾ, ಒದ್ದೆಗೂ ಅದೇ ಕಾರಣ, ವಿಷಕ್ಕೂ ಅದೇ ಕಾರಣ. ಮೇಲೊಂದು, ಕೆಳಗೊಂದು ಕಿಂಡಿ ಯಾವಾಗಲೂ ತೆರೆದಿರಬೇಕು. ಎಷ್ಟು ಅಗಲ ಅನ್ನುವುದು ಹೀಟರ್ ಜೊತೆ ಬರುವ ಪುಸ್ತಕದಲ್ಲಿ ಇರುತ್ತದೆ. ಹೊರಗೆ ಹಿಮ ಬಿದ್ದು ಕೆಳಗಿನ ಕಿಂಡಿ ಮುಚ್ಚಿಹೋಗುತ್ತದೆ, ಆಗಾಗ ಎದ್ದು ನೋಡಬೇಕು.

ಸಿಲಿಂಡರ್‌ನ ತಲೆಗೇ ಸಿಕ್ಕಿಸುವ ಬಟ್ಟಲಿನಂಥ ಹೀಟರ್ ಅಗ್ಗಕ್ಕೆ ಸಿಗುತ್ತದೆ. ಅದು ಬಯಲಿನಲ್ಲಿ ಕೆಲಸ ಮಾಡುವವರಿಗೆ. ಗುಡಾರದೊಳಗೆ ತರಲೇಬೇಡಿ. ಒಳಗೆ ಬಳಸಲು ಮಾಡಿದ ಹೀಟರ್‌ನಲ್ಲಿ ಎರಡು ರಕ್ಷಣೆ ಇರುತ್ತವೆ. ಉರುಳಿಬಿದ್ದರೆ ತಾನೇ ಆರುತ್ತದೆ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 18ಕ್ಕೆ ಇಳಿದರೂ ಆರುತ್ತದೆ. ಸಹಜ ಗಾಳಿಯಲ್ಲಿ ಅದು ಶೇ 21ರ ಹತ್ತಿರ ಇರುತ್ತದೆ. ಹುಡುಗರು ಈ ಎರಡನೆಯದನ್ನು ನಂಬಿ ನಿಶ್ಚಿಂತೆಯಾಗಿ ಇರುತ್ತಾರೆ. ಆದರೆ ಅದು ಆಮ್ಲಜನಕವನ್ನಷ್ಟೇ ನೋಡುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ನೋಡುವುದೇ ಇಲ್ಲ. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು. ಚಳಿಯಲ್ಲಿ ಕೂತು ಹೀಗಾಯಿತೇನೋ ಅಂದುಕೊಂಡು ಹುಡುಗರು ಹೀಟರ್ ಇನ್ನೂ ಜೋರು ಮಾಡುತ್ತಾರೆ. ಅದನ್ನು ನೆನೆದರೆ ನನಗೆ ಭಯವಾಗುತ್ತದೆ. ತಲೆ ನೋಯಲು ಶುರುವಾದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಗಾಳ, ಮೀನು ಎಲ್ಲ ಆಮೇಲೆ.

ಹಾಗಾಗಿ ಹೀಟರ್ ಜೊತೆಗೇ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಕೊಳ್ಳಿ. ಮನೆಯೊಳಗಿನ ಮಾಮೂಲಿ ಅಲಾರ್ಮ್ ಇಂಥ ಕೊರೆಯುವ ಚಳಿಗೆ ಮಾಡಿದ್ದಲ್ಲ. ಕ್ಯಾಂಪರ್ ವಾಹನಗಳಿಗೆ, ದೋಣಿಗಳಿಗೆ ಎಂದೇ ಮಾಡಿದ್ದನ್ನು ಕೇಳಿ ತೆಗೆದುಕೊಳ್ಳಿ. ಹೀಟರ್ ಹಚ್ಚಿ ಮಲಗುವುದಂತೂ ಬೇಡವೇ ಬೇಡ, ಅಲಾರ್ಮ್ ಇದ್ದರೂ ಬೇಡ. ರಾತ್ರಿ ಅಲ್ಲೇ ಕಳೆಯುವ ಆಸೆ ಇದ್ದವರು ಹೊಗೆ ಹೊರಗೆ ಹೋಗುವ ಒಲೆ ಇರುವ ಮನೆಗಳನ್ನು ಬಾಡಿಗೆಗೆ ಹಿಡಿಯಲಿ. ದೊಡ್ಡ ಕೆರೆಗಳಲ್ಲಿ ಅಂಥವು ಸಿಗುತ್ತವೆ.

ಸಿಲಿಂಡರ್ ಬಗ್ಗೆಯೂ ಹೇಳಬೇಕು. ಊರಿನ ಅಡುಗೆ ಗ್ಯಾಸ್‌ನಲ್ಲಿ ಬ್ಯುಟೇನ್ ಬೆರೆತಿರುತ್ತದೆ. ಅದು ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಹಾಗಿದ್ದರೂ ಮೈನಸ್ 25, 30ರ ಚಳಿಯಲ್ಲಿ ಅದರ ಒತ್ತಡ ಕುಗ್ಗಿ ಉರಿ ಸಣ್ಣದಾಗುತ್ತದೆ. ಆಗ ಸಿಲಿಂಡರನ್ನು ಬೆಂಕಿಯ ಹತ್ತಿರ ಇಟ್ಟು ಕಾಯಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಲಿಂಡರ್ ಬದಲಿಸುವಾಗ ಹೀಟರ್ ಆರಿಸಿ, ಹೊರಗೆ ತಂದು ಬದಲಿಸಿ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆಯೇ ನಿಲ್ಲುತ್ತದೆ. ದೊಡ್ಡ ಸಿಲಿಂಡರ್ ಹೊರಗಿಟ್ಟು ಪೈಪ್ ಎಳೆಯುವವರು ಫಿಲ್ಟರ್ ಹಾಕಿಕೊಳ್ಳಬೇಕು. ಸಾದಾ ರಬ್ಬರ್ ಪೈಪಿನಿಂದ ಎಣ್ಣೆಯಂಥ ಅಂಶ ಬಂದು ಹೀಟರ್‌ನ ಸಣ್ಣ ತೂತುಗಳನ್ನು ಕಟ್ಟಿಬಿಡುತ್ತದೆ.

ಊರಿನ ತಾಯಂದಿರೇ, ಮಗ ಮೀನು ಹಿಡಿದ ಫೋಟೊ ಕಳಿಸಿದರೆ ಸಂತೋಷಪಡಿ. ಜೊತೆಗೆ ‘ಅಲಾರ್ಮ್ ಇತ್ತೇನಾ?’ ಎಂದೂ ಕೇಳಿ. ನಾವು ಹೇಳಿದರೆ ಕಿವಿಗೆ ಹಾಕಿಕೊಳ್ಳದವನು ನಿಮ್ಮ ಮಾತು ಕೇಳುತ್ತಾನೆ.

ಸಂಪಾದಕರಲ್ಲಿ ಒಂದು ಕೋರಿಕೆ. ಗ್ಯಾಸ್ ಗೀಸರ್ ಸಾವಿನ ಸುದ್ದಿ ಹಾಕುವಾಗ, ಈ ಅನಿಲ ಸೇರಿದರೆ ಮೈಗೆ ಏನಾಗುತ್ತದೆ, ತಕ್ಷಣ ಏನು ಮಾಡಬೇಕು ಎಂದು ವೈದ್ಯರೊಬ್ಬರಿಂದ ನಾಲ್ಕು ಸಾಲು ಬರೆಸಿ ಪಕ್ಕದಲ್ಲೇ ಹಾಕಿ. ಬೆಂಗಳೂರಿನ ಬಚ್ಚಲುಮನೆಗೂ ಇಲ್ಲಿನ ಗುಡಾರಕ್ಕೂ ಅದೇ ನಾಲ್ಕು ಸಾಲು ಸಾಕು.

– ಕುಂದಾಪುರ ಮೂಲದ ಓದುಗ, ಸೇಂಟ್ ಕ್ಲೌಡ್, ಮಿನ್ನೆಸೋಟ